ಚಿತ್ತಚಾಂಚಲ್ಯವು ಅಪರಾಧವೇ?

ಮನಸ್ಸು ಚಂಚಲವೆಂಬುದನ್ನು ಎಲ್ಲ ದರ್ಶನಗಳೂ ಒಪ್ಪುತ್ತವೆ. ಶರಣರು ಅದನ್ನು ಮರದ ಮೇಲಣ ಕಪಿಗೆ ಹೋಲಿಸಿದರು. ಯೋಗಶಾಸ್ತ್ರದ ಭಾಷ್ಯಕಾರರು ಕ್ಷಿಪ್ತ, ಮೂಢ, ವಿಕ್ಷಿಪ್ತ, ಏಕಾಗ್ರ, ನಿರುದ್ಧವೆಂದು ಚಿತ್ತಕ್ಕೆ ಐದು ಭೂಮಿಗಳನ್ನು ಹೇಳಿದರು. ಆದರೆ ಎಲ್ಲರ ಮನಸ್ಸೂ ಒಂದೇ ಪ್ರಮಾಣದಲ್ಲಿ ಚಂಚಲವೇ? ಒಬ್ಬನು ಅಲ್ಪ ಪ್ರಯತ್ನದಿಂದಲೇ ಅಲೆದ ಮನಸ್ಸನ್ನು ಕೆಲಸಕ್ಕೆ ಮರಳಿಸಿಕೊಳ್ಳುವನು. ಮತ್ತೊಬ್ಬನು ಅದರ ನಾಲ್ಮಡಿ ಶ್ರಮಪಟ್ಟರೂ ಸೋಲುವನು. ಈ ಎರಡನೆಯವನನ್ನು ಸೋಮಾರಿಯೆಂದೂ ಸಂಕಲ್ಪಹೀನನೆಂದೂ ನಿಂದಿಸುವುದು ಧರ್ಮವೇ ಎಂಬುದು ಪ್ರತಿಯೊಬ್ಬ ಗೃಹಸ್ಥನೂ ವಿಚಾರಮಾಡತಕ್ಕ ಪ್ರಶ್ನೆಯಾಗಿದೆ.

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಅಡಿಕೆ ಬೆಳೆಯುವ ಒಂದು ಮನೆಯನ್ನು ಭಾವಿಸಿಕೊಳ್ಳೋಣ. ಅದು ಕೊಯ್ಲಿನ ಕಾಲ. ಹಸಿಯಡಿಕೆಯ ರಾಶಿಯ ಸುತ್ತ ಮೆಟ್ಟುಗತ್ತಿಗಳನ್ನಿಟ್ಟುಕೊಂಡು ಮನೆಮಂದಿಯೂ ಆಳುಗಳೂ ಸುಲಿಯುತ್ತ ಕುಳಿತಿದ್ದಾರೆ. ಸುಲಿದುದನ್ನು ಬುಟ್ಟಿಯಲ್ಲಿ ತುಂಬಿ ಬೇಯಿಸುವ ಹಂಡೆಯ ಬಳಿಗೆ ಒಯ್ಯುವ ಕೆಲಸ ಹತ್ತು ವರ್ಷದ ಬಾಲಕನದು. ಅವನು ಎರಡು ಸಲ ಒಯ್ದನು. ಮೂರನೆಯ ಸಲ ಬುಟ್ಟಿಯನ್ನು ದಾರಿಯಲ್ಲಿಯೇ ಇಳಿಸಿ, ಇರುವೆಗಳ ಸಾಲನ್ನು ನೋಡುತ್ತ ಕುಳಿತನು. ಕರೆದರೆ ಕೇಳಿಸದು. ತಂದೆಗೆ ಸಿಟ್ಟು ಬರುವುದು ಸಹಜ. “ಇರುವೆ ನೋಡುತ್ತ ಗಳಿಗೆಗಟ್ಟಲೆ ಕೂರಬಲ್ಲವನಿಗೆ ಕೆಲಸದಲ್ಲಿ ಮನಸ್ಸಿಡಲು ಏನು ದಾಡಿ? ಇದು ಮೈಗಳ್ಳತನವೇ ಸರಿ” ಎಂದು ಅವನು ತೀರ್ಮಾನಿಸುವನು. ಈ ತರ್ಕವು ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೂ ಅದರಲ್ಲಿ ಒಂದು ದೋಷವುಂಟು.

ಅನೇಕ ಮಕ್ಕಳಲ್ಲಿ ಇದು ವಯೋಸಹಜವಾದ ಆಟ. ಕೆಲವರಲ್ಲಿ ಮಾತ್ರ ಹುಟ್ಟಿನಿಂದ ಬಂದ ಒಂದು ಸ್ಥಿತಿ. ವೈದ್ಯರು ಇದನ್ನು ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಯೆಂದು, ಸಂಕ್ಷೇಪವಾಗಿ ಎ.ಡಿ.ಎಚ್.ಡಿ. ಎಂದು ಕರೆಯುತ್ತಾರೆ. ಜಗತ್ತಿನ ಮಕ್ಕಳಲ್ಲಿ ಸುಮಾರು ನೂರಕ್ಕೆ ಐವರಲ್ಲಿ ಇದು ಕಂಡುಬರುವುದು; ಅನೇಕರಲ್ಲಿ ಪ್ರೌಢ ವಯಸ್ಸಿನಲ್ಲಿಯೂ ಉಳಿಯುವುದು. ಇದಕ್ಕೆ ವಂಶವಾಹಿಗಳ ಪಾತ್ರವು ಬಹಳ ದೊಡ್ಡದೆಂದು ಅವಳಿ ಮಕ್ಕಳ ಅಧ್ಯಯನಗಳಿಂದ ಸಿದ್ಧವಾಗಿದೆ. 1902ರಲ್ಲಿ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ಇಂತಹ ಮಕ್ಕಳನ್ನು ಕುರಿತು ಉಪನ್ಯಾಸ ಮಾಡಿದಾಗ, ಬುದ್ಧಿಗೆ ಕುಂದಿಲ್ಲದಿದ್ದರೂ ಅವರ ನೈತಿಕ ನಿಯಂತ್ರಣದಲ್ಲಿ ನ್ಯೂನತೆಯಿದೆಯೆಂದು ಹೇಳಿದನು. ಅಂದು ನೀತಿಯ ಕೊರತೆಯೆಂದು ತೋರಿದ್ದನ್ನು ಇಂದಿನ ವೈದ್ಯಶಾಸ್ತ್ರವು ಮಿದುಳಿನ ನಿಯಮನಶಕ್ತಿಯಲ್ಲಿರುವ ವ್ಯತ್ಯಾಸವೆಂದು ತಿಳಿಯುತ್ತದೆ. ಹೆಸರಿನಲ್ಲಿ ‘ಕೊರತೆ’ಯೆಂಬ ಮಾತಿದ್ದರೂ ಇಲ್ಲಿ ಕೊರತೆಯಾಗಿರುವುದು ಗಮನವಲ್ಲ; ಗಮನವನ್ನು ಬೇಕಾದಾಗ ಬೇಕಾದಲ್ಲಿಗೆ ಹರಿಸುವ, ಸಾಕಾದಾಗ ತಡೆಯುವ ಶಕ್ತಿ.

ಶರಾವತಿಯ ನೀರನ್ನು ಕುಡಿದವರಿಗೆ ಈ ಮಾತು ಸುಲಭವಾಗಿ ತಿಳಿದೀತು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊಸನಗರದ ಸೀಮೆಯನ್ನು ಹಾದು ಬರುವ ನದಿಯು ಜೋಗದಲ್ಲಿ 830 ಅಡಿ ಕೆಳಕ್ಕೆ ಧುಮುಕುತ್ತದೆ. ಹಿಂದೆ ಮಳೆಗಾಲದಲ್ಲಿ ಅದರ ಅಬ್ಬರವೇ ಅಬ್ಬರ, ಬೇಸಗೆಯಲ್ಲಿ ಬಂಡೆಯ ಮೇಲೆ ಎಳೆಯೆಳೆಯಾದ ನೀರು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡ ಮೇಲೆ, ನಿಂತ ನೀರನ್ನು ತಳಕಳಲೆಯ ಸಮತೋಲನ ಜಲಾಶಯಕ್ಕೂ ಅಲ್ಲಿಂದ ವಿದ್ಯುದಾಗಾರಕ್ಕೂ ಅಳತೆಯಂತೆ ಬಿಡುವುದು ಸಾಧ್ಯವಾಯಿತು. ಮಳೆ ಹೆಚ್ಚಿದ್ದರಿಂದ ಇದು ಆದುದಲ್ಲ. ತಡೆದು ಬಿಡುವ ಏರ್ಪಾಡಿನಿಂದ ಆಯಿತು. ಆ ಬಾಲಕನ ಚಿತ್ತವೂ ಹಾಗೆಯೇ. ನೀರು ಸಮೃದ್ಧವಾಗಿದೆ, ತೂಬು ಕೈಯ ಮಾತನ್ನು ಕೇಳದು. ಮನಸೆಳೆಯುವ ಹೊಸತು ಎದುರಿಗೆ ಬಂದರೆ ಒಮ್ಮೆಲೇ ತೆರೆದುಕೊಳ್ಳುವುದು; ನೀರಸವಾದ, ಫಲವು ದೂರದಲ್ಲಿರುವ ಕೆಲಸಕ್ಕೆ ಎಷ್ಟು ತಿರುಗಿಸಿದರೂ ಬಿಗಿದುಕೊಳ್ಳುವುದು. ಆದುದರಿಂದ ಇರುವೆಗಳ ಮುಂದೆ ಮೈಮರೆತು ಕುಳಿತದ್ದು ಅವನ ಮೈಗಳ್ಳತನಕ್ಕೆ ಸಾಕ್ಷಿಯಲ್ಲ. ಬುಟ್ಟಿಯನ್ನು ಮರೆತುದಕ್ಕೂ ಇರುವೆಗಳಿಂದ ಕಣ್ಣು ಕೀಳಲಾರದುದಕ್ಕೂ ಮೂಲ ಒಂದೇ.

ಪ್ರಾಚೀನರು ಈ ವಿವೇಕವನ್ನು ಅರಿಯದವರಲ್ಲ. ಪತಂಜಲಿಯು ಚಿತ್ತವಿಕ್ಷೇಪಕ್ಕೆ ಒಂಬತ್ತು ಅಂತರಾಯಗಳನ್ನು ಎಣಿಸುವಾಗ ವ್ಯಾಧಿ, ಪ್ರಮಾದ, ಆಲಸ್ಯ, ಅನವಸ್ಥಿತತ್ವಗಳನ್ನು ಬೇರೆ ಬೇರೆಯಾಗಿಯೇ ಹೇಳಿದ್ದಾನೆ. ಸೋಮಾರಿತನ ಬೇರೆ, ಎಚ್ಚರಗೇಡಿತನ ಬೇರೆ, ಹಿಡಿದ ನೆಲೆಯಲ್ಲಿ ನಿಲ್ಲಲಾರದಿರುವುದು ಬೇರೆ. ಎಲ್ಲವನ್ನೂ ಆಲಸ್ಯವೆಂಬ ಒಂದೇ ಹೆಸರಿನಿಂದ ಕರೆಯುವವನು ಶಾಸ್ತ್ರವನ್ನೂ ತಿಳಿದವನಲ್ಲ, ಮಗುವನ್ನೂ ತಿಳಿದವನಲ್ಲ.

ಹಾಗಾದರೆ, ತಪ್ಪು ಮಾಡಿದವರೆಲ್ಲ “ನನ್ನ ಚಿತ್ತವೇ ಹೀಗೆ” ಎಂದು ನುಣುಚಿಕೊಳ್ಳಲಾರರೇ, ಕಾಯಕದ ಗತಿಯೇನು ಎಂದು ಕೇಳಬಹುದು. ಇದು ಯೋಗ್ಯವಾದ ಆಕ್ಷೇಪ. ಶೂನ್ಯಸಂಪಾದನೆಯಲ್ಲಿ ಬರುವ ಆಯ್ದಕ್ಕಿ ಮಾರಯ್ಯನ ಪ್ರಸಂಗವು ಇದಕ್ಕೆ ದಾರಿ ತೋರುತ್ತದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಪ್ರಭುದೇವರ ಅನುಭಾವಗೋಷ್ಠಿಯಲ್ಲಿ ತನ್ಮಯನಾಗಿ ಕಾಯಕವನ್ನೇ ಮರೆತನು. ಆಗ ಸತಿ ಲಕ್ಕಮ್ಮನು ಬಂದು, ಕಾಯಕ ನಿಂತಿರುವುದನ್ನು ನೆನಪಿಸಿದಳು. ಮಾರಯ್ಯನಿಗೆ ಯಾವುದೋ ವ್ಯಾಧಿಯಿತ್ತೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಗಮನಿಸಬೇಕಾದುದು ಇಷ್ಟೇ: ಒಳ್ಳೆಯದರಲ್ಲಿ ಮುಳುಗಿದವನೂ ಕರ್ತವ್ಯವನ್ನು ಮರೆಯಬಲ್ಲನು, ಮರೆತವನನ್ನು ಲಕ್ಕಮ್ಮನು ತೊರೆಯಲಿಲ್ಲ, ಕಾಯಕವನ್ನು ಬಿಟ್ಟುಬಿಡೆಂದೂ ಹೇಳಲಿಲ್ಲ, ಮಾರಯ್ಯನು ಆ ಎಚ್ಚರಿಕೆಯನ್ನು ಅವಮಾನವೆಂದು ತಿಳಿಯದೆ ಎದ್ದು ಹೋದನು. ಕಾರಣ ಬೇರೆ, ಹೊಣೆ ಬೇರೆ. ಚಿತ್ತದ ರಚನೆಯನ್ನು ಯಾರೂ ಆರಿಸಿಕೊಂಡು ಹುಟ್ಟುವುದಿಲ್ಲ, ಅದರಲ್ಲಿ ಅಪರಾಧವಿಲ್ಲ. ನೆನಪಿಸುವ ಕೈಯನ್ನು ಹಿಡಿಯುವುದೂ ಬಿಡುವುದೂ ನಮ್ಮದು, ಹೊಣೆಯಿರುವುದು ಅಲ್ಲಿ.

ಗೃಹಸ್ಥನ ಧರ್ಮವು ಇದರಿಂದಲೇ ಸ್ಪಷ್ಟವಾಗುವುದು. ಅಂತಹ ಮಗುವಿಗೆ ನಾಲ್ಕು ಕೆಲಸಗಳನ್ನು ಒಟ್ಟಿಗೆ ಹೇಳದೆ ಒಂದೊಂದಾಗಿ ಹೇಳಬೇಕು. ದೊಡ್ಡ ಕೆಲಸವನ್ನು ಚಿಕ್ಕ ಪಾಲುಗಳಾಗಿ ಒಡೆದು, ಒಂದು ಪಾಲು ಮುಗಿದೊಡನೆಯೇ ಒಳ್ಳೆಯ ಮಾತಾಡಬೇಕು. ದೂರದ ಬಹುಮಾನವೂ ದೂರದ ಶಿಕ್ಷೆಯೂ ಅದರ ಮನಸ್ಸನ್ನು ತಲುಪಲಾರವು. ಗಡಿಯಾರದ ಗಂಟೆ, ಗೋಡೆಯ ಮೇಲಣ ಪಟ್ಟಿ, ಜೊತೆಯಲ್ಲಿ ಕುಳಿತ ಹಿರಿಯರು, ಇವೆಲ್ಲ ಹೊರಗಿನಿಂದ ಇಟ್ಟ ತೂಬುಗಳು. ಹೊಡೆತದಿಂದ ಭಯ ಬೆಳೆದೀತೇ ಹೊರತು ನಿಯಮನಶಕ್ತಿ ಬೆಳೆಯದು. ಹನ್ನೆರಡು ವರ್ಷಕ್ಕೆ ಮೊದಲೇ ತೋರಿ, ಮನೆಯಲ್ಲಿಯೂ ಶಾಲೆಯಲ್ಲಿಯೂ ಆರು ತಿಂಗಳಿಗೆ ಮೀರಿ ಬಾಧಿಸುತ್ತಿದ್ದರೆ ವೈದ್ಯರಿಗೆ ತೋರಿಸುವುದೇ ಸರಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗಳಲ್ಲಿ ಮನೋವೈದ್ಯರಿದ್ದಾರೆ; ಸರ್ಕಾರದ ಟೆಲಿಮಾನಸ್ ದೂರವಾಣಿ 14416ರಲ್ಲಿಯೂ ಸಲಹೆ ದೊರೆಯುವುದು. ವೈದ್ಯರು ಔಷಧವನ್ನು ಹೇಳಿದರೆ ಅದನ್ನು ಕಲಂಕವೆಂದು ಭಾವಿಸಬಾರದು. ಕಣ್ಣು ಮಂದವಾದವನು ಕನ್ನಡಕ ಹಾಕಿಕೊಂಡರೆ ಯಾರೂ ನಗುವುದಿಲ್ಲವಷ್ಟೆ. ಹೆಣ್ಣುಮಕ್ಕಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಅನೇಕರಲ್ಲಿ ಗದ್ದಲವಿಲ್ಲದೆ ಮನಸ್ಸು ಮಾತ್ರ ಅಲೆಯುವುದರಿಂದ ಯಾರ ಕಣ್ಣಿಗೂ ಬೀಳದೆ, ಒಲೆಯ ಮೇಲಣ ಹಾಲು ಉಕ್ಕಿದಾಗಲೆಲ್ಲ ಬೈಸಿಕೊಳ್ಳುತ್ತ ಅವರ ಆಯುಷ್ಯವೇ ಕಳೆದುಹೋಗುವುದುಂಟು.

ಇನ್ನು ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ಕುಳಿತಾಗ ದೃಷ್ಟಿ ನಿಲ್ಲದೆ, “ಶಿವನಿಗೆ ನಾನು ಬೇಡವಾದೆನು” ಎಂದು ಒಳಗೊಳಗೇ ನೊಂದುಕೊಳ್ಳುವ ಭಕ್ತರಿದ್ದಾರೆ. ಪೂಜೆಯು ಈ ತೊಂದರೆಗೆ ಔಷಧವೆಂದು ಹೇಳಲಾಗದು. ಆದರೆ ಈ ತೊಂದರೆಯು ಪೂಜೆಗೆ ಅನರ್ಹತೆಯೂ ಅಲ್ಲ. ದೀರ್ಘವಾಗಿ ಕುಳಿತು ಸೋಲುವುದಕ್ಕಿಂತ, ತ್ರಿಕಾಲದಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಕುಳಿತು ಪ್ರೀತಿಯಿಂದ ಮಾಡುವುದು ಲೇಸು. ನೂರು ಸಲ ಅಲೆದ ಮನಸ್ಸನ್ನು ನೂರು ಸಲವೂ ಮರಳಿ ತಂದವನ ಶ್ರಮವು, ಒಂದು ಸಲವೂ ಅಲೆಯದವನ ಶಾಂತಿಗಿಂತ ಕಡಿಮೆಯದೆಂದು ಯಾರು ಹೇಳಬಲ್ಲರು? ಫಲವನ್ನು ಮಾತ್ರ ನೋಡುವವರಿಗೆ ಆ ಶ್ರಮ ಕಾಣದು. ಅದನ್ನು ಕಾಣುವ ಕಣ್ಣು ನಮ್ಮ ಮನೆಗಳಲ್ಲಿ ಮೊದಲು ತಾಯಿತಂದೆಗಳಿಗೂ ಗುರುಗಳಿಗೂ ಬರಬೇಕು. ಅದು ಬಂದ ಮನೆಯಲ್ಲಿ ಮಗು ತನ್ನನ್ನು ತಾನೇ ಹಳಿದುಕೊಳ್ಳುವುದನ್ನು ಬಿಟ್ಟು, ಇಳಿಸಿದ ಬುಟ್ಟಿಯನ್ನು ಮತ್ತೆ ಎತ್ತಿಕೊಳ್ಳಲು ಕಲಿತೀತು.