ಜಲಪ್ರಸಾದ
ತನ್ನ ಹೊಲದ ಬಾವಿಯ ನೀರು ತನ್ನದೇ ಎಂದು ಒಕ್ಕಲುಮಗನು ಬಗೆಯುವುದು ಸಹಜ. ಆದರೆ ಭೂಗರ್ಭದ ಜಲವು ಬದುಗಳ ಎಲ್ಲೆಯನ್ನರಿಯದು. ಒಬ್ಬನು ಮಿತಿಮೀರಿ ಸೆಳೆದರೆ ನೆರೆಯವನ ಬಾವಿ ಬತ್ತುವುದು.

ವಿಜಯಪುರ ಸೀಮೆಯ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳವು ಮಣ್ಣು ಹಿಡಿದಿಟ್ಟ ತೇವವನ್ನೇ ಉಂಡು ತೆನೆಗಟ್ಟುತ್ತದೆ. ಮನೆಗೆ ರೊಟ್ಟಿ, ದನಕ್ಕೆ ಕಣಿಕೆ ದೊರೆಯುತ್ತದೆ. ಅಂತಹ ನೆಲದಲ್ಲಿ ಕೊಳವೆಬಾವಿಯನ್ನು ನೆಚ್ಚಿ, ವರುಷವಿಡೀ ನೀರು ಬೇಡುವ ಕಬ್ಬನ್ನು ನೆಡುವುದು ಕಾಯಕವೋ, ಆಸೆಯೋ? ಸಾಲದ ಹೊರೆ ಹೊತ್ತವನು ಹಣದ ಬೆಳೆಗೆ ಮನಸೋತರೆ ಅವನನ್ನು ಹಳಿಯಲಾಗದು. ಆದರೂ ಪ್ರಶ್ನೆ ಉಳಿಯುತ್ತದೆ.

ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಅಲ್ಲಿಯೇ ಸುರಿದು ಬರಹೇಳಿದಳು. ಅದು ಕದ್ದ ಅಕ್ಕಿಯಲ್ಲ, ಅಂದಿಗೆ ಬೇಕಾಗದ ಅಕ್ಕಿ. ದೋಷಕ್ಕೆ ಅಷ್ಟೇ ಸಾಕಾಯಿತು. ಪ್ರಸಾದವನ್ನು ಚೆಲ್ಲಲಾಗದು, ಅಗತ್ಯಕ್ಕಿಂತ ಹೆಚ್ಚು ಬಯಸಲಾಗದು. ನೀರೂ ಪ್ರಸಾದವೇ. ನೆರೆಯವನ ಬಾವಿಯಲ್ಲಿ ಉಳಿದ ನೀರೂ ದಾಸೋಹವೇ ಸರಿ.