ಕಾಗದದ ಗೆಳೆಯರು

ಓದಿನ ಸುಖಗಳಲ್ಲಿ ನಾಲ್ಕು ಜನರೆದುರು ಹೇಳಿಕೊಳ್ಳಬಹುದಾದವು ಕೆಲವು, ಹೇಳಿಕೊಳ್ಳಲು ಸಂಕೋಚವಾಗುವಂಥವು ಕೆಲವು. ಕುಮಾರವ್ಯಾಸನನ್ನು ಓದುತ್ತ ರಾತ್ರಿ ಕಳೆದೆನೆಂದರೆ ಕನ್ನಡ ಅಧ್ಯಾಪಕನಾದ ನನ್ನ ಗೌರವ ಒಂದು ಗುಲಗಂಜಿಯಷ್ಟಾದರೂ ಹೆಚ್ಚುತ್ತದೆ. ಜಪಾನಿನ ಚಿತ್ರಕಥೆಯನ್ನು ಓದುತ್ತ ಕಳೆದೆನೆಂದರೆ, ‘ಮಕ್ಕಳಿಗೆಂದು ತಂದಿದ್ದಿರೇನು?’ ಎಂಬ ಪ್ರಶ್ನೆ ಬರುತ್ತದೆ. ಅದರ ಹೆಸರು ‘ಮಂಗಾ’ ಎಂದು ಹೇಳಿಬಿಟ್ಟರಂತೂ ಕಾಲೇಜಿನ ವಿರಾಮದ ಕೋಣೆಯಲ್ಲಿ ಆ ದಿನದ ಹಾಸ್ಯಕ್ಕೆ ಬೇರೆ ವಸ್ತು ಬೇಕಾಗುವುದಿಲ್ಲ. ಹೊಕುಸಾಯಿ ಎಂಬ ಮಹಾಚಿತ್ರಕಾರ 1814ರಿಂದ ಪ್ರಕಟಿಸಿದ ರೇಖಾಚಿತ್ರಗಳ ಸಂಪುಟಗಳಿಗೂ ಇದೇ ಹೆಸರಿತ್ತೆಂದು ನಾನು ಹೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಮಂಗನ ಮಾತೇ ಹೆಚ್ಚು ರುಚಿಯಾದುದು.

ಈ ಪುಸ್ತಕಗಳು ನನ್ನ ಕೈಗೆ ಬಂದುದು ತಂಗಿಯ ಮಗಳಿಂದ. ಅವಳು ಬೀದರಿನಲ್ಲಿ ನಮ್ಮ ಮನೆಯಲ್ಲಿದ್ದುಕೊಂಡೇ ಓದುತ್ತಾಳೆ. ರಜೆಗೆ ಎಲ್ಲರೂ ಡಾಬಕಾಕ್ಕೆ ಹೋಗುತ್ತೇವೆ. ಡಾಬಕಾ ಔರಾದ ಸೀಮೆಯ ಹಳ್ಳಿ. ಅಲ್ಲಿ ಕನ್ನಡದ ಮಗ್ಗುಲಲ್ಲೇ ಮರಾಠಿ ಉಸಿರಾಡುತ್ತದೆ. ಒಮ್ಮೆ ಹುಡುಗಿ ಪುಸ್ತಕವನ್ನು ಹೊರಸಿನ ಮೇಲೆ ಬಿಟ್ಟು ಹೋಗಿದ್ದಳು. ಇಂಗ್ಲಿಷಿಗೆ ಅನುವಾದವಾದ ಮೇಲೂ ಮಂಗಾದ ಪುಟಗಳು ಜಪಾನಿನ ಕ್ರಮದಲ್ಲೇ ಬಲದಿಂದ ಎಡಕ್ಕೆ ಸಾಗುತ್ತವೆ. ಕಾಲೇಜು ಓದಿದವರೆಲ್ಲ ಅದನ್ನು ತಪ್ಪು ತುದಿಯಿಂದ ತೆರೆದು ಕಕ್ಕಾಬಿಕ್ಕಿಯಾಗುವುದನ್ನು ಕಂಡಿದ್ದೇನೆ. ನೆರೆಮನೆಯ ವೃದ್ಧರೊಬ್ಬರು, ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಅಕ್ಷರ ಕಲಿತವರು, ಅದನ್ನೆತ್ತಿಕೊಂಡು ಯಾರೂ ಹೇಳದೆಯೇ ಸರಿಯಾದ ಬದಿಯಿಂದ ತೆರೆದರು. ಇಂಗ್ಲಿಷ್ ಅವರಿಗೆ ಬಾರದು. ಆದರೂ ನಾಲ್ಕೈದು ಪುಟ ನೋಡಿ, ‘ಈ ಕೂಸು ಭಾಳ ತುಂಟ ಅದ ನೋಡ್ರಿ,’ ಎಂದರು.

ಆ ಕೂಸು ಯೋತ್ಸುಬಾ. ಅಜುಮಾ ಕಿಯೋಹಿಕೊ 2003ರಲ್ಲಿ ಆರಂಭಿಸಿದ ಕಥೆಯ ಐದು ವರ್ಷದ ನಾಯಕಿ. ತಂದೆ ಮನೆಯಲ್ಲಿ ಕುಳಿತು ಅನುವಾದ ಮಾಡಿ ಬದುಕುವವನು. ಇಬ್ಬರೂ ಹೊಸ ಊರಿಗೆ ಮನೆ ಬದಲಿಸುತ್ತಾರೆ. ಅವಳು ಉಯ್ಯಾಲೆಯನ್ನು ಕಾಣುತ್ತಾಳೆ, ಜೀರುಂಡೆಯನ್ನು ಹಿಡಿಯಲು ಹೋಗುತ್ತಾಳೆ, ನೆರೆಮನೆಯ ಅಕ್ಕಂದಿರನ್ನು ಕಾಡುತ್ತಾಳೆ. ಅಷ್ಟೇ ಕಥೆ. ತನಿಗುಚಿ ಜಿರೊ ಎಂಬವರ ಇನ್ನೊಂದು ಕೃತಿಯಲ್ಲಿ ಒಬ್ಬ ನಡುವಯಸ್ಸಿನವನು ಸುಮ್ಮನೆ ನಡೆಯುತ್ತಾನೆ. ಮರದಲ್ಲಿ ಸಿಕ್ಕಿಕೊಂಡ ಆಟಿಕೆಯ ವಿಮಾನವನ್ನು ಹತ್ತಿ ಬಿಡಿಸುತ್ತಾನೆ, ಮಳೆಯಲ್ಲಿ ನೆನೆಯುತ್ತಾನೆ, ಮನೆಗೆ ಬರುತ್ತಾನೆ. ಮಾತು ಬಹಳ ಕಡಿಮೆ. ‘ಮಾಮಾ, ಇದರಾಗ ಏನೂ ಆಗಂಗಿಲ್ಲ, ಅದಕ್ಕೇ ಛಂದ ಅದ,’ ಎಂದು ನನ್ನ ಸೋದರಸೊಸೆ ಅದನ್ನು ಕೊಟ್ಟಳು. ಕಾವ್ಯಮೀಮಾಂಸೆಯನ್ನು ಪಾಠ ಹೇಳುವ ನಾನು ಇಷ್ಟು ಚಿಕ್ಕದಾಗಿ ಯಾವ ಕೃತಿಯನ್ನೂ ವಿಮರ್ಶಿಸಿದ್ದಿಲ್ಲ.

ಇಂಥ ಓದಿನ ಮೇಲೆ ಬರುವ ಆಕ್ಷೇಪಗಳಲ್ಲಿ ಎರಡನ್ನು ಬೇಗ ಮುಗಿಸಬಹುದು. ಚಿತ್ರವಿರುವುದರಿಂದ ಬಾಲಿಶ ಎಂಬುದು ಮೊದಲನೆಯದು. ಅಜಂತೆಯ ಗೋಡೆಗಳೂ ಕಥೆಯನ್ನು ಚಿತ್ರದಲ್ಲೇ ಹೇಳಿದವು. ಪರದೇಶದ್ದು ಎಂಬುದು ಎರಡನೆಯದು. ಶೇಕ್ಸ್‌ಪಿಯರನನ್ನು ಬಾಯಿಪಾಠ ಮಾಡಿದವರು ಜಪಾನನ್ನು ಮಾತ್ರ ಪರದೇಶವೆನ್ನುವುದು ವಿನೋದದ ಸಂಗತಿ.

ಮೂರನೆಯದು ಹಾಗೆ ಹಾರಿಸಿಬಿಡುವಂಥದಲ್ಲ. ನನ್ನ ಸಹೋದ್ಯೋಗಿಯೊಬ್ಬರು, ಓದಿದವರು, ಸಾವಧಾನದಿಂದ ಮಾತಾಡುವವರು, ಅದನ್ನು ಹೀಗೆ ಮುಂದಿಟ್ಟರು: ‘ಇಲ್ಲದ ಜನರ ಸ್ನೇಹಕ್ಕೆ ಕಣ್ಣೀರು ಹಾಕುವ ಮಕ್ಕಳು ಇರುವ ಜನರಿಗೆ ಏನು ಉಳಿಸುತ್ತಾರೆ? ಮನುಷ್ಯನ ಮಮತೆಗೂ ಒಂದು ಅಳತೆ ಇದೆಯಷ್ಟೆ?’ ಇದು ಹಳೆಯ ದೂರು. ಸಂತ ಆಗಸ್ಟಿನ್ ತನ್ನ ಆತ್ಮಕಥೆಯಲ್ಲಿ, ಬಾಲ್ಯದಲ್ಲಿ ಡಿಡೋ ರಾಣಿಯ ಸಾವನ್ನು ಓದಿ ಅತ್ತುದನ್ನೂ ತನ್ನ ಆತ್ಮದ ದುರ್ಗತಿಗೆ ಅಳದೆ ಉಳಿದುದನ್ನೂ ನೆನೆದು ನೊಂದುಕೊಂಡಿದ್ದಾನೆ. ವಿಲಿಯಂ ಜೇಮ್ಸ್ 1890ರ ತನ್ನ ಮನಶ್ಶಾಸ್ತ್ರ ಗ್ರಂಥದಲ್ಲಿ ರಷ್ಯದ ಒಬ್ಬ ಸಿರಿವಂತ ಹೆಂಗಸಿನ ಮಾತೆತ್ತುತ್ತಾನೆ: ಅವಳು ಒಳಗೆ ನಾಟಕದ ಪಾತ್ರಗಳಿಗಾಗಿ ಅಳುತ್ತಿರುವಾಗ ಹೊರಗೆ ಗಾಡಿಯ ಮೇಲೆ ಅವಳ ಸಾರಥಿ ಚಳಿಗೆ ಸೆಡೆತು ಸಾಯುತ್ತಿರುತ್ತಾನೆ.

ನಮ್ಮ ಆಲಂಕಾರಿಕರು ಇದಕ್ಕೆ ಉತ್ತರವಿತ್ತಿದ್ದಾರೆಂದು ಹೇಳುವುದು ರೂಢಿ. ಕಾವ್ಯದಲ್ಲಿ ದುಃಖ ನನ್ನದೂ ಅಲ್ಲ, ನಿನ್ನದೂ ಅಲ್ಲ. ಸಾಧಾರಣೀಕೃತವಾದುದರಿಂದ ಅದು ಆಸ್ವಾದ್ಯವಾಗುತ್ತದೆ. ಅಭಿನವಗುಪ್ತ ಕಾಶ್ಮೀರದಲ್ಲಿ ಇದನ್ನು ಬರೆಯುತ್ತಿದ್ದ ಕಾಲದಲ್ಲೇ, ಹನ್ನೊಂದನೆಯ ಶತಮಾನದ ಹೊಸ್ತಿಲಲ್ಲಿ, ಜಪಾನಿನ ಅರಮನೆಯಲ್ಲಿ ಮುರಸಾಕಿ ಶಿಕಿಬು ಗೆಂಜಿಯ ಕಥೆಯನ್ನು ಬರೆಯುತ್ತಿದ್ದಳು. ಆ ಕಥೆ ನೀತಿಗೆ ಹೊರತೆಂದು ಪಂಡಿತರು ಮುಂದೆ ಮುಖ ಸಿಂಡರಿಸಿದಾಗ, ಹದಿನೆಂಟನೆಯ ಶತಮಾನದ ಮೊತೂರಿ ನೊರಿನಾಗ ಅದರ ಪರ ನಿಂತ. ವೃತ್ತಿಯಿಂದ ವೈದ್ಯನಾದ ಈತನ ವಾದ ಇಷ್ಟು: ಕಥೆಯನ್ನು ಧರ್ಮಶಾಸ್ತ್ರದ ಒರೆಗಲ್ಲಿಗೆ ತಿಕ್ಕಬೇಡಿ, ವಸ್ತುಗಳ ಒಳಗಿರುವ ಆರ್ದ್ರತೆಯನ್ನು ಮನಸ್ಸು ಅರಿಯುವುದೇ ಅದರ ಪ್ರಯೋಜನ. ನಮ್ಮವರೂ ಅವರೂ ಎಷ್ಟು ಹತ್ತಿರ ಬಂದರೆಂದು ಹಿಗ್ಗಬಹುದು. ಆದರೆ ನನಗೆ ತೋರುವಂತೆ ಇಬ್ಬರೂ ನನ್ನ ಸಹೋದ್ಯೋಗಿಗೆ ಪೂರ್ತಿ ಉತ್ತರ ಕೊಡುವುದಿಲ್ಲ. ಅಳುವುದರಲ್ಲಿ ಸುಖವೇಕೆ ಎಂಬುದನ್ನು ರಸಸಿದ್ಧಾಂತ ವಿವರಿಸುತ್ತದೆ. ಅಳುತ್ತಿರುವಾಗ ಹೊರಗೆ ಯಾರಿದ್ದಾರೆ ಎಂದು ಅದು ಕೇಳುವುದಿಲ್ಲ.

ಆದುದರಿಂದ ಕಂಡ ಸಂಗತಿಗೇ ಬರೋಣ. ಓಯಿಮಾ ಯೊಶಿತೊಕಿ 2013-14ರಲ್ಲಿ ಬರೆದ ಏಳು ಸಂಪುಟಗಳ ಒಂದು ಮಂಗಾ ಇದೆ. ಕಿವಿ ಕೇಳದ ಶೋಕೊ ಎಂಬ ಹುಡುಗಿ ಆರನೆಯ ತರಗತಿಗೆ ಹೊಸದಾಗಿ ಬರುತ್ತಾಳೆ. ಶೋಯ ಎಂಬ ಹುಡುಗ ಅವಳನ್ನು ಕಾಡುತ್ತಾನೆ, ಅವಳ ಶ್ರವಣಯಂತ್ರಗಳನ್ನು ಕಿತ್ತೆಸೆಯುತ್ತಾನೆ. ಅವಳು ಶಾಲೆ ಬಿಟ್ಟು ಹೋಗುತ್ತಾಳೆ; ನಗುತ್ತ ನೋಡಿದ್ದ ತರಗತಿಯೆಲ್ಲ ತಪ್ಪನ್ನು ಅವನೊಬ್ಬನ ತಲೆಗೆ ಕಟ್ಟುತ್ತದೆ. ವರ್ಷಗಳಾದ ಮೇಲೆ ಅವನು ಸಂಜ್ಞಾಭಾಷೆ ಕಲಿತು ಅವಳನ್ನು ಹುಡುಕಿಕೊಂಡು ಹೋಗುತ್ತಾನೆ. ಜನರಿಂದ ದೂರವಾದ ಅವನ ಕಣ್ಣಿಗೆ ಸುತ್ತಲಿನವರ ಮುಖಗಳ ಮೇಲೆಲ್ಲ ಕಾಟು ಹೊಡೆದ ಗುರುತು ಕಾಣುತ್ತಿರುತ್ತದೆ. ಯಾರಾದರೂ ಹತ್ತಿರವಾದಾಗ ಒಂದು ಗುರುತು ಕಳಚಿ ಬೀಳುತ್ತದೆ. ಇಂಥದನ್ನು ಚಿತ್ರವಲ್ಲದೆ ಬೇರೆ ಯಾವುದು ಇಷ್ಟು ನೇರವಾಗಿ ಹೇಳೀತು?

ಡಾಬಕಾದ ನಮ್ಮ ಓಣಿಯಲ್ಲಿ ಕಿವಿ ಕೇಳದ, ಮಾತು ಬಾರದ ಒಬ್ಬನಿದ್ದಾನೆ. ನಲವತ್ತರ ಆಚೆಯ ವಯಸ್ಸು. ದನ ಮೇಯಿಸುತ್ತಾನೆ. ಓಣಿಯೆಲ್ಲ ಅವನನ್ನು ‘ಮೂಕ’ ಎಂದೇ ಕರೆಯುತ್ತದೆ. ಅದರಲ್ಲಿ ದ್ವೇಷವೇನೂ ಇಲ್ಲ, ಹಬ್ಬದ ದಿನ ಕರೆದು ಊಟಕ್ಕಿಕ್ಕುವುದೂ ಅದೇ ಹೆಸರಿನಿಂದ. ಆ ಏಳು ಸಂಪುಟಗಳನ್ನು ಮುಗಿಸಿದ ರಜೆಯಲ್ಲಿ ನನ್ನ ಸೋದರಸೊಸೆ, ‘ಆಯಿ, ಅವರ ಖರೇ ಹೆಸರೇನು?’ ಎಂದು ನಮ್ಮ ತಾಯಿಯನ್ನು ಕೇಳಿದಳು. ತಾಯಿ ಬಹಳ ಹೊತ್ತು ನೆನೆದು, ಪಡಿತರ ಚೀಟಿ ಮಾಡಿಸಿದ ದಿನವನ್ನು ಜ್ಞಾಪಿಸಿಕೊಂಡು, ಹೇಳಿದರು. ಒಳ್ಳೆಯ ಹೆಸರು, ಒಂದು ದೇವರದು. ಮಾರನೆಯ ದಿನ ಹುಡುಗಿ ಅದನ್ನು ತನ್ನ ಬಾಯಿಂದ ಆಡಿದಾಗ ಅವನಿಗೇನೂ ಕೇಳಿಸಲಿಲ್ಲ, ನಿಜ. ಕೇಳಿದವರು ನಾವು.

ಇಷ್ಟಕ್ಕೇ ನಿಲ್ಲಿಸಿದರೆ ನನ್ನ ಪಕ್ಷ ಗೆದ್ದಂತಾಗುತ್ತಿತ್ತು. ಅದೇ ರಜೆಯ ಇನ್ನೊಂದು ಮಧ್ಯಾಹ್ನ ತಾಯಿ ಒಳಗಿನಿಂದ ನೀರು ಕೇಳಿದರು, ಮಂಡಿನೋವಿನಿಂದ ಏಳಲಾರದವರು. ಮೂರು ಸಲ ಕರೆದರು. ಹುಡುಗಿ ಬಾಗಿಲ ಬಳಿಯಲ್ಲೇ ಕುಳಿತಿದ್ದಳು, ಪುಸ್ತಕದ ಮೇಲೆ ಬಗ್ಗಿ, ಒದ್ದೆಗಣ್ಣಿನಲ್ಲಿ. ನೀರನ್ನು ನಾನು ಕೊಟ್ಟೆ. ಜೇಮ್ಸನ ಸಿರಿವಂತ ಹೆಂಗಸು ಇವಳೇ ಎಂದು ನನ್ನ ಸಹೋದ್ಯೋಗಿ ಹೇಳಬಹುದು. ಹೇಳಿದರೆ ನಾನು ಅಲ್ಲಗಳೆಯುವುದಿಲ್ಲ. ಹೆಸರು ಕೇಳಿದವಳೂ ನೀರು ಕೊಡದವಳೂ ಒಬ್ಬಳೇ, ಪುಸ್ತಕವೂ ಒಂದೇ ಬಗೆಯದು. ಓದು ಕಣ್ಣನ್ನು ಹದಮಾಡೀತು. ಎದ್ದು ನಿಲ್ಲುವ ಕೆಲಸ ಕಾಲಿನದು, ಅದನ್ನು ಕಲಿಸುವುದು ಮನೆ. ಮನೆಯ ಈ ಕೆಲಸವನ್ನು ಪುಸ್ತಕ ಮಾಡಲಿಲ್ಲವೆಂದು ಪುಸ್ತಕವನ್ನು ಕಿತ್ತಿಡುವವರೂ, ಪುಸ್ತಕ ಓದಿದ್ದರಿಂದ ಮಗು ಸದ್ಗುಣಿಯಾಯಿತೆಂದು ಬೀಗುವವರೂ ಒಂದೇ ಲೆಕ್ಕವನ್ನು ಎರಡು ಬದಿಯಿಂದ ತಪ್ಪಾಗಿ ಕೂಡಿಸುತ್ತಾರೆ. ಅಷ್ಟೇಕೆ, ನಾವು ಮಧ್ಯಮ ವರ್ಗದವರು ಸುಖವೆಂದರೆ ಅದರಿಂದೇನು ಲಾಭವೆಂದು ಕೇಳದೆ ಬಿಡುವವರಲ್ಲ. ಮಾವಿನ ಹಣ್ಣು ತಿನ್ನುವಾಗಲೂ ಅದರಲ್ಲಿ ಜೀವಸತ್ವವಿದೆಯೆಂದು ಹೇಳಿಕೊಂಡು ತಿನ್ನುತ್ತೇವೆ.

ಏನೂ ಆಗದ ಕಥೆಯ ವಿಷಯದಲ್ಲಿ ಇನ್ನೊಂದು ಮಾತಿದೆ. 1949ರಿಂದ ಕನ್ನಡದಲ್ಲಿ ಬರತೊಡಗಿದ ಚಂದಮಾಮದಲ್ಲೂ, 1967ರಲ್ಲಿ ಅನಂತ ಪೈ ಅವರಿಂದ ರೂಪುಗೊಂಡ ಅಮರ ಚಿತ್ರಕಥೆಯಲ್ಲೂ ರಾಜರು, ದೇವರು, ಬೇತಾಳರು ಹೆಚ್ಚು. ಒಬ್ಬ ಗುಮಾಸ್ತನ ಮನೆಯ ಸಂಜೆ ಕಡಿಮೆ. ದಿನದ ಬದುಕನ್ನು ನಾವು ಚಿತ್ರಕ್ಕೆ ಕೊಡದೆ ಪದ್ಯಕ್ಕೂ ಹರಟೆಗೂ ಕೊಟ್ಟೆವು. ಕೆ. ಎಸ್. ನರಸಿಂಹಸ್ವಾಮಿಗಳ ‘ಮೈಸೂರ ಮಲ್ಲಿಗೆ’ ಪ್ರಕಟವಾದುದು 1942ರಲ್ಲಿ. ಜಗತ್ತಿನ ಯುದ್ಧ ಒಂದು ಕಡೆ, ಚಲೇಜಾವ್ ಚಳವಳಿ ಇನ್ನೊಂದು ಕಡೆ. ಅದರ ನಡುವೆ ಗಂಡಹೆಂಡಿರ ಪ್ರೀತಿ, ತವರಿನ ದಾರಿ. ಅದನ್ನು ಹೇಡಿತನವೆಂದು ಇಂದು ಯಾರಾದರೂ ಅನ್ನುವರೇ? ಸೋತು ನೆಲಕಚ್ಚಿದ ಜಪಾನಿನಲ್ಲಿ, 1946ರ ಏಪ್ರಿಲಿನಲ್ಲಿ, ಹಸೆಗಾವ ಮಚಿಕೊ ಎಂಬ ಯುವತಿ ಫುಕುಓಕದ ಒಂದು ಪತ್ರಿಕೆಯಲ್ಲಿ ಸಜಾಯೆ ಎಂಬ ಗೃಹಿಣಿಯ ಚಿತ್ರಗಳನ್ನು ಬರೆಯತೊಡಗಿದಳು. ಅಡಿಗೆ, ಬಟ್ಟೆ, ತಮ್ಮನ ಪುಂಡಾಟ. ಅದು 1974ರವರೆಗೆ ನಡೆಯಿತು. ಹಿರೊಶಿಮಾದಲ್ಲಿ ಹುಟ್ಟಿದ ಕೋನೊ ಫುಮಿಯೊ ಈ ಶತಮಾನದ ಆರಂಭದಲ್ಲಿ ಬರೆದ ಕಥೆಯೊಂದರಲ್ಲಿ, ಬಾಂಬು ಬಿದ್ದ ಹತ್ತು ವರ್ಷದ ಮೇಲೆ, ಒಬ್ಬ ಹುಡುಗಿ ಚಪ್ಪಲಿ ಸವೆಯದಿರಲೆಂದು ಅದನ್ನು ಕೈಯಲ್ಲಿ ಹಿಡಿದು ಬರಿಗಾಲಿನಲ್ಲಿ ಮನೆಗೆ ನಡೆಯುತ್ತಾಳೆ. ಬಾಂಬಿನ ಬಗ್ಗೆ ಓದಿದ ಎಷ್ಟೋ ಗ್ರಂಥಗಳು ಮರೆತಿವೆ. ಆ ಕೈಯಲ್ಲಿರುವ ಚಪ್ಪಲಿ ಮರೆಯದು.

ನಮ್ಮ ಜಿಲ್ಲೆಯೂ 1948ರಲ್ಲಿ ಕಂಡುದು ಕಡಿಮೆಯಲ್ಲ. ಮೊದಲು ರಜಾಕಾರರ ಹಾವಳಿ. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಾದ ಮೇಲೆ ಮುಸಲ್ಮಾನರ ಮೇಲೆ ತೀರಿಸಿಕೊಂಡ ಹಗೆ. ನನ್ನ ಅಜ್ಜಿ ಆ ವರ್ಷದ ಮಾತು ತೆಗೆದರೆ ಕೊಲೆಯ ಸುದ್ದಿ ಹೇಳುತ್ತಿರಲಿಲ್ಲ. ಊರು ಬಿಟ್ಟು ಹೋಗಿದ್ದ ನೆರೆಯವರ ಮನೆಯ ಹೆಪ್ಪನ್ನು ಯಾರೋ ಒಬ್ಬಾಕೆ ತಿಂಗಳುಗಟ್ಟಲೆ ತನ್ನ ಮನೆಯ ಹಾಲಿಗೆ ಹಾಕುತ್ತ ಕಾಪಾಡಿ, ಅವರು ಮರಳಿದ ದಿನ ಒಂದು ಬಟ್ಟಲಲ್ಲಿ ಕೊಟ್ಟು ಬಂದಳಂತೆ. ಅದನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಜಪಾನಿನ ಈ ಪುಸ್ತಕಗಳನ್ನು ಓದುವಾಗ ನನಗೆ ಪರಿಚಿತವೆನಿಸುವುದು ಆ ಬಟ್ಟಲು.

ಉಳಿದುದು ಪ್ರಣಯದ ಮಾತು. ತಂದೆತಾಯಂದಿರಿಗೆ ನಿಜವಾದ ಹೆದರಿಕೆ ಇರುವುದು ಇಲ್ಲಿ. ಈ ಕಥೆಗಳಲ್ಲಿ ಒಬ್ಬ ಹುಡುಗ ಹುಡುಗಿಯ ಮುಂದೆ ‘ನೀನೆಂದರೆ ನನಗೆ ಇಷ್ಟ’ ಎಂಬ ಒಂದು ವಾಕ್ಯ ಆಡಲು ಎಷ್ಟೋ ಸಂಪುಟಗಳಾಗುತ್ತವೆ. ಅಲ್ಲಿಯವರೆಗೆ ಕೊಡೆ ಹಂಚಿಕೊಳ್ಳುವುದು, ರೈಲುನಿಲ್ದಾಣದಲ್ಲಿ ಕಾಯುವುದು. ನಮ್ಮ ಸಿನಿಮಾಗಳ ನಾಯಕನಿಗೆ ಹೋಲಿಸಿದರೆ ಇವರು ಋಷಿಕುಮಾರರು. ಆದರೂ ತೊಂದರೆ ಇದೆ. ನನ್ನ ತರಗತಿಯ ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಪದವಿ ಮುಗಿಯುವ ಮೊದಲೇ ಗಂಡು ಗೊತ್ತಾಗಿರುತ್ತದೆ. ‘ನಿನಗೇನು ಇಷ್ಟ’ ಎಂದು ಕೇಳುವ ಗಂಡಸನ್ನು ಕಾಗದದ ಮೇಲೆ ಮಾತ್ರ ಕಂಡವರಿಗೆ ಆ ಹಸಿವನ್ನು ಹುಟ್ಟಿಸುವುದು ದಯೆಯೇ? ಕಾಗದದ ಗೆಳೆಯ ಮುನಿಯುವುದಿಲ್ಲ, ಸಾಲ ಕೇಳುವುದಿಲ್ಲ, ಜ್ವರ ಬಂದು ಮಲಗಿ ಗಂಜಿ ಬೇಡುವುದಿಲ್ಲ. ಅವನೊಡನೆ ಹೋಲಿಸಿದರೆ ಯಾವ ನಿಜವಾದ ಗಂಡನೂ ಸೋಲುತ್ತಾನೆ. ಇದನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಹಸಿವು ಹುಟ್ಟದಿರಲೆಂದು ಬಾಯಿ ಕಟ್ಟುವುದಕ್ಕಿಂತ, ಅದೇ ಪ್ರಶ್ನೆಯನ್ನು ಮನೆಯೊಳಗೆ ಯಾರಾದರೂ ಕೇಳುವಂತಾಗುವುದು ಮೇಲು ಎಂಬುದು ನನ್ನ ನಿಲುವು.

ಮೊನ್ನೆ ವಿದ್ಯಾರ್ಥಿನಿಯೊಬ್ಬಳ ತಂದೆ ಭಾಲ್ಕಿಯಿಂದ ಬಂದಿದ್ದರು. ಮಗಳ ಚೀಲದಲ್ಲಿ ಸಿಕ್ಕಿದ ಒಂದು ಸಂಪುಟವನ್ನು ಮೇಜಿನ ಮೇಲಿಟ್ಟು, ‘ಸರ, ಇದು ಓದೋ ಪುಸ್ತಕ ಹೌದೋ ಅಲ್ಲೋ ನೀವೇ ಹೇಳ್ರಿ,’ ಎಂದರು. ತಂದೆಯ ಕಳವಳವನ್ನು ನಗೆಯಾಡುವಂತಿರಲಿಲ್ಲ. ನೀವು ಇದನ್ನು ನೋಡಿದ್ದೀರಾ ಎಂದು ಕೇಳಿದೆ. ಇಲ್ಲವೆಂದರು. ಬಲಗಡೆಯಿಂದ ತೆರೆದು ಅವರ ಮುಂದಿಟ್ಟೆ. ಗಂಟೆ ಬಾರಿಸಿತು, ನಾನು ತರಗತಿಗೆ ಹೋದೆ. ಪಾಠ ಮುಗಿಸಿ ಬಂದಾಗ ಅವರಿನ್ನೂ ಅಲ್ಲೇ ಕುಳಿತಿದ್ದರು, ಮೂವತ್ತನೆಯ ಪುಟದಲ್ಲೋ ನಲವತ್ತನೆಯದರಲ್ಲೋ ಬೆರಳಿಟ್ಟುಕೊಂಡು. ‘ಈ ಹುಡುಗಿಗೆ ತಾಯಿ ಇಲ್ಲೇನ್ರಿ?’ ಎಂದು ಕೇಳಿದರು.