ಮತ ಕೊಟ್ಟ ಮೇಲೆ



ಚುನಾವಣೆಯ ಫಲಿತಾಂಶ ಬಂದ ಮರುದಿನ ನಮ್ಮ ಊರುಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ, "ನಮ್ಮವರಿಗೆ ಮಂತ್ರಿ ಪದವಿ ಸಿಕ್ಕೀತೇ?" ಎಂಬುದು. ಸಿಗದಿದ್ದರೆ ಕ್ಷೇತ್ರಕ್ಕೆ ಅನ್ಯಾಯವಾಯಿತೆಂದು ಕೊರಗುತ್ತೇವೆ. ಈ ಕೊರಗು ಎಷ್ಟು ಸರಿ ಎಂಬುದನ್ನು ತಾವು ಒಮ್ಮೆ ಯೋಚಿಸಬೇಕು.

ನಮ್ಮ ಸಂವಿಧಾನದ ಏರ್ಪಾಡಿನಲ್ಲಿ ಪ್ರಜೆಗಳು ಮುಖ್ಯಮಂತ್ರಿಯನ್ನು ನೇರವಾಗಿ ಆರಿಸುವುದಿಲ್ಲ, ಶಾಸಕರನ್ನು ಆರಿಸುತ್ತಾರೆ. 164ನೆಯ ವಿಧಿಯ ಪ್ರಕಾರ ಮಂತ್ರಿಮಂಡಲವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರುತ್ತದೆ. ಸಭೆಯ ವಿಶ್ವಾಸ ಕಳೆದುಕೊಂಡ ದಿನ ಅದು ಇಳಿಯಲೇಬೇಕು. 1989ರಲ್ಲಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು ಸದನದಲ್ಲಿ ಬಲ ತೋರಿಸಲು ಅವಕಾಶ ಕೊಡದೆ ವಜಾ ಮಾಡಲಾಯಿತು. ಬಹುಮತವನ್ನು ಅಳೆಯಬೇಕಾದ ಸ್ಥಳ ರಾಜಭವನವಲ್ಲ, ಸದನವೇ ಎಂದು ಸುಪ್ರೀಂ ಕೋರ್ಟು 1994ರಲ್ಲಿ ತೀರ್ಪಿತ್ತಿತು. 2003ರ 91ನೆಯ ತಿದ್ದುಪಡಿಯು ಮಂತ್ರಿಗಳ ಸಂಖ್ಯೆಯನ್ನು ವಿಧಾನಸಭೆಯ ಶೇಕಡ 15ಕ್ಕೆ ಮಿತಗೊಳಿಸಿತು. 224 ಸದಸ್ಯರ ಸಭೆಯಿರುವ ನಮ್ಮ ರಾಜ್ಯದಲ್ಲಿ ಮುಖ್ಯಮಂತ್ರಿಯೂ ಸೇರಿ 34 ಮಂದಿಗಷ್ಟೇ ಸ್ಥಾನ. ಉಳಿದವರು ಅದೃಷ್ಟಹೀನರೇ? ಅಲ್ಲ, ಮಂತ್ರಿಗಳಿಂದ ಲೆಕ್ಕ ಕೇಳುವ ಕೆಲಸ ಅವರದು. ಆ ಕೆಲಸಕ್ಕೆ ಗೂಟದ ಕಾರಿಲ್ಲ ಎಂಬುದು ಬೇರೆ ಮಾತು!

ಕೊಪ್ಪಳ ಜಿಲ್ಲೆಯ ನವಲಿಯನ್ನೇ ನೋಡಿ. 1948ರ ಸೆಪ್ಟೆಂಬರ್‌ವರೆಗೆ ಅದು ನಿಜಾಮರ ಸೀಮೆ. ಫರ್ಮಾನು ಹೊರಟರೆ ಅದೇ ಅಂತಿಮ. ಈಗ ಆ ಊರಿನ ಬಳಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾಪ ವರ್ಷಗಳಿಂದ ಚರ್ಚೆಯಲ್ಲಿದೆ. ಹೂಳು ತುಂಬಿದ ತುಂಗಭದ್ರಾ ಜಲಾಶಯದ ಸಾಮರ್ಥ್ಯವು ಸುಮಾರು 133 ಟಿಎಂಸಿಯಿಂದ 105ರ ಆಸುಪಾಸಿಗೆ ಇಳಿದದ್ದೇ ಅದಕ್ಕೆ ಕಾರಣ. ಕಾಲುವೆಯ ಕೊನೆಯಂಚಿನ ರೈತನಿಗೆ ಆ ನೀರು ಬದುಕು. ಮುಳುಗುವ ಹೊಲವೂ ಒಬ್ಬ ರೈತನ ಬದುಕೇ. ಇಬ್ಬರ ಪರವಾಗಿಯೂ ಸದನದಲ್ಲಿ ಕೇಳಬೇಕಾದವರು ಶಾಸಕರು. ಶಾಸಕರೇ ಮಂತ್ರಿಯಾದರೆ ಕೆಲಸ ಬೇಗ ಆದೀತು, ನಿಜ. ರಸ್ತೆಯಿಲ್ಲದ ಊರಿನ ಬಡವನು ಹಾಗೆ ಬಯಸಿದರೆ ಅವನನ್ನು ದೂರಲಾರೆ. ಆದರೆ ಸಂಪುಟದ ತೀರ್ಮಾನಕ್ಕೆ ಕಟ್ಟುಬಿದ್ದವರು ಅದನ್ನೇ ಸದನದಲ್ಲಿ ಪ್ರಶ್ನಿಸುವುದೆಂತು?

ಗ್ರಾಮ ಪಂಚಾಯಿತಿಯಲ್ಲೂ ಇದೇ ಏರ್ಪಾಡು. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಅಧ್ಯಕ್ಷರನ್ನು ಸದಸ್ಯರು ಆರಿಸುತ್ತಾರೆ, ಅವಿಶ್ವಾಸ ಸೂಚಿಸಿ ಇಳಿಸಲೂಬಹುದು. ಅಲ್ಲಿ ಮತ್ತೊಂದು ಬಾಗಿಲೂ ತೆರೆದಿದೆ: ಗ್ರಾಮಸಭೆ. ಅಲ್ಲಿ ತಾವೇ ಎದ್ದುನಿಂತು ಲೆಕ್ಕ ಕೇಳಬಹುದು. ಮತಕ್ಕೆ ಹಣ ಪಡೆದ ಮನೆಯವರು ಅಲ್ಲಿ ಏನೆಂದು ಬಾಯಿ ತೆರೆದಾರು? ಹಣ ಮುಟ್ಟದ ನಾವಾದರೂ, ಗ್ರಾಮಸಭೆಯ ಡಂಗುರ ಕೇಳಿದ ದಿನ ಎಷ್ಟು ಮಂದಿ ಹೋಗಿದ್ದೇವೆ?